ಅಚ್ಚಿನ ಕಿವಿ ಬರುವ ತನಕ

ನಡೆದದ್ದು ಇಷ್ಟೇ: ಇನ್ನೂ ತಯಾರಾಗದ ಒಂದು ಕಿವಿಗಾಗಿ, ತಯಾರಾಗಿಯೇ ಬಂದಿದ್ದ ಕಿವಿಯನ್ನು ಹನ್ನೊಂದು ವರ್ಷ ಬೋಳು ಇಟ್ಟೆವು. ಇದರಲ್ಲಿ ದೇವರ ತಪ್ಪಿಲ್ಲ, ಡಾಕ್ಟರ ತಪ್ಪೂ ಇಲ್ಲ. ದಡ್ಡತನ ನಮ್ಮದೇ, ನನ್ನದೂ ಸೇರಿ.

ನನ್ನ ಮೊಮ್ಮಗಳು ರೇಣುಕಾಳ ಎಡಗಿವಿ ಲಕ್ಷಣವಾಗಿದೆ. ಬಲಗಿವಿ ಮಾತ್ರ ಹುಟ್ಟುವಾಗಲೇ ನೆನೆಸಿದ ಶೇಂಗಾ ಕಾಳಿನಷ್ಟು. ನಮ್ಮಲ್ಲಿ ಹೆಣ್ಣುಕೂಸಿಗೆ ವರ್ಷ ತುಂಬುವುದರೊಳಗೆ ಬಂಗಾರದ ಕೆಲಸದ ಪತ್ತಾರನ ಮುಂದೆ ಕೂಡಿಸಿ ಕಿವಿ ಚುಚ್ಚಿಸುತ್ತೇವೆ. ಸೊಸೆ ಮಹಾದೇವಿ ಬೇಡವೆಂದಳು. ಮನುಷ್ಯರ ಜೀವಕಣಗಳನ್ನೇ ಬೆಳೆಸಿ, ಶಾಯಿಯಂತೆ ಯಂತ್ರಕ್ಕೆ ತುಂಬಿ, ಪದರದ ಮೇಲೆ ಪದರ ಇಟ್ಟು ಕಿವಿ ಅಚ್ಚು ಹಾಕುವ ಕಾಲ ಮುಂದೆ ಬರಬಹುದು ಎಂದು ರಾಯಚೂರಿನ ಡಾಕ್ಟರು ಹೇಳಿದ್ದರಂತೆ. ಬರಬಹುದು ಎಂದದ್ದು, ಅವಳ ಬಸ್ಸು ನಮ್ಮ ದೇವದುರ್ಗ ಮುಟ್ಟುವಷ್ಟರಲ್ಲಿ, ಬಂದೇ ಬರುತ್ತದೆ ಎಂದಾಗಿತ್ತು.

“ಜೋಡಿ ಆದ ಮ್ಯಾಲ ಎರಡೂ ಕೂಡೇ ಚುಚ್ಚಿಸೋಣ್ರಿ ಅತ್ತಿ. ಒಂದಕ್ಕ ಹಾಕಿದ್ರ ಮಂದಿ ಇನ್ನೊಂದನ್ನ ಹುಡುಕಿ ನೋಡ್ತಾರ,” ಎಂದಳು. ನಾನೂ ತಲೆಯಾಡಿಸಿದೆ.

ಹಾಗೆ ನೋಡಿದರೆ ಸಂಶಯ ನನ್ನ ಹುಟ್ಟುಗುಣ. ಓದಿದ್ದು ಮೂರನೇ ಕ್ಲಾಸು, ಹತ್ತಿ ಬಿಡಿಸಿದ್ದು ನಲವತ್ತು ವರ್ಷ. ಬೀಜದ ಪಾಕೀಟಿನ ಮೇಲೆ ಮುಷ್ಟಿಗಾತ್ರದ ಕಾಯಿಯ ಚಿತ್ರವಿರುತ್ತದೆ. ಆ ಕಾಯಿ ಪಾಕೀಟು ಬಿಟ್ಟು ಹೊಲಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಜೀವಕಣ ಬೆಳೆಸುವುದು ನನಗೆ ತಿಳಿಯುತ್ತದೆ. ಚಮಚ ಹೆಪ್ಪಿನಿಂದ ಗಡಿಗೆ ಮೊಸರು ಆದಂತೆ. ಆದರೆ ಮೊಸರಿಗೆ ಕಿವಿಯ ಆಕಾರದಲ್ಲಿ ನಿಲ್ಲು ಅಂದರೆ ನಿಂತೀತೇ? ನಿಂತರೂ ಅದರೊಳಗೆ ರಕ್ತ ಹರಿಯಬೇಕು, ಚಳಿಗೆ ತಣ್ಣಗಾಗಬೇಕು, ಸಿಟ್ಟಿಗೆ ಕೆಂಪಾಗಬೇಕು.

ಮಾನ್ವಿಯ ನನ್ನ ತಂಗಿಗೆ ಈ ಸುದ್ದಿ ಹೇಳಿದರೆ ಅವಳ ಧ್ಯಾಸ ಬೇರೆ ಕಡೆ ಹೋಯಿತು.

“ಅಕ್ಕಾ, ಹಂಗಾರ ಮಾರಿ ಚರ್ಮಾನೂ ಹೊಸಾದು ಹಾಕ್ತಾರೇನು?”

“ಹಾಕ್ತಾರ. ಹಲ್ಲಿಲ್ಲದ ಬಾಯಿಗೆ ಹದಿನಾರರ ಗಲ್ಲ! ನಿನ್ನ ಗಂಡ ಬಾಗಲದಾಗ ನಿಂತು, ಯಾರ ಮನಿಯಾಕಿ ಯವ್ವಾ ನೀನು ಅಂತ ಕೇಳ್ಯಾನು,” ಎಂದೆ.

ನಗೆ ಹಾಗಿರಲಿ. ನನ್ನ ದೊಡ್ಡ ಸಂಶಯ ಪಾಳಿಯದು. ನಮ್ಮ ಓಣಿಯ ಒಬ್ಬಾಕೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ರಾಯಚೂರಿನ ಬಸ್ಸು ಹತ್ತುತ್ತಾಳೆ. ಆ ಯಂತ್ರ ಮೊದಲು ಅವಳಿಗೊಂದು ಕಿಡ್ನಿ ಮಾಡಲಿ, ಸುಟ್ಟವರಿಗೆ ಚರ್ಮ ಮಾಡಲಿ, ಕಾಯಿ ಒಡೆದು ಕೈಮುಗಿಯುತ್ತೇನೆ. ಉಳ್ಳವರ ಮೂಗೆಲ್ಲ ನೆಟ್ಟಗಾದ ಮೇಲೆ ಅವಳ ಪಾಳಿ ಎಂದರೆ, ಅಲ್ಲಿಯ ತನಕ ಅವಳು ಇರಬೇಕಲ್ಲ?

ಇಷ್ಟೆಲ್ಲ ಸಂಶಯ ಇಟ್ಟುಕೊಂಡವಳು ಸೊಸೆಯ ಮಾತನ್ನು ಮಾತ್ರ ಒಮ್ಮೆಯೂ ಕೆದಕಿ ಕೇಳಲಿಲ್ಲ. ಮೊನ್ನೆ ಮೂವರೂ ಕೂಡಿ ಅದೇ ಡಾಕ್ಟರ ಹತ್ತಿರ ಹೋದೆವು.

“ಯಪ್ಪಾ, ಆ ಅಚ್ಚಿನ ಕಿವಿ ಎಂದು ಬರತದ?” ಎಂದೆ.

“ಹೇಳಾಕ ಬರಂಗಿಲ್ಲಮ್ಮ. ಪಕ್ಕೆಲುಬಿನ ಮೆತ್ತನ ಎಲುಬು ತಗದು ಕಿವಿ ಮಾಡೋದು ಈಗೂ ಅದ. ಬೇಕೋ ಬ್ಯಾಡೋ ಹುಡುಗೀನ ಹೇಳಬೇಕು.”

“ಮತ್ತ ಅಲ್ಲೀ ತನಕ ಕಿವಿ ಚುಚ್ಚಿಸೋ ಹಂಗಿಲ್ಲಲ್ಲ?” ಎಂದು ನಾನೇ ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಎಡಗಿವಿಗೇನಾಗ್ಯದ? ಬ್ಯಾಡ ಅಂತ ಯಾರು ಹೇಳ್ಯಾರ?”

ಯಾರೂ ಹೇಳಿರಲಿಲ್ಲ. ಮಹಾದೇವಿ ಸೆರಗಿನ ತುದಿ ನೋಡುತ್ತ ಕೂತಳು.

ಮರಳಿ ಬರುವಾಗ ಬಸ್ಸಿನಲ್ಲಿ ರೇಣುಕಾ ನನ್ನ ಪಕ್ಕಕ್ಕೆ ಸರಿದಳು. “ಅಜ್ಜಿ, ಸಣ್ಣ ಕಿವಿ ಕೂದಲಾಗ ಮುಚ್ಚತೀನಿ, ಯಾರೂ ಕೇಳಂಗಿಲ್ಲ. ಸಾಲ್ಯಾಗ ಎಲ್ಲಾರೂ ಕೇಳೋದು ಈ ಕಿವಿ ಯಾಕ ಬೋಳ ಅದ ಅಂತ. ಅದಕ್ಕ ನಾ ಹುಡುಗ್ಯಾರ ನಡುವ ಕೂಡಂಗಿಲ್ಲ.”

 

ಮರುದಿನ ಬೆಳಗ್ಗೆ, ಪತ್ತಾರ ಅಂಗಡಿ ತೆರೆಯುವ ಮೊದಲೇ ಅವಳನ್ನು ಕರೆದುಕೊಂಡು ಅವನ ಕಟ್ಟೆಯ ಮೇಲೆ ಕೂತಿದ್ದೆ. ಬಂಗಾರದ ಸಣ್ಣ ರಿಂಗು ಒಂದೇ ಒಂದು ಬೇಕು ಎಂದೆ.

“ಜೋಡಿ ಒಡದು ಮಾರಂಗಿಲ್ಲಮ್ಮ. ಇನ್ನೊಂದು ಯಾರಿಗೆ ಕೊಡ್ಲಿ?”

ನಾನು ಯೋಚಿಸುತ್ತಿದ್ದೆ. ರೇಣುಕಾ ಯೋಚಿಸಲಿಲ್ಲ.

“ಎರಡೂ ಇದ ಕಿವಿಗೆ ಹಾಕ್ರಿ. ಒಂದರ ಮ್ಯಾಲ ಒಂದು.”

ಪತ್ತಾರ ನನ್ನ ಮುಖ ನೋಡಿದ. ನಾನು ಸಣ್ಣ ಕಿವಿ ನನ್ನ ತೊಡೆಗೆ ಆನುವಂತೆ ಅವಳ ತಲೆಯನ್ನು ಒರಗಿಸಿಕೊಂಡು, “ಏನ ನೋಡ್ತೀಯಪ್ಪಾ? ಚುಚ್ಚು,” ಎಂದೆ.