ಸೋದರಮಾವನ ಒಲೆ

ನಮ್ಮ ಯಜಮಾನರಾದ ಐಸಾಕೆಗೆ ಯಾರ ಮಾತನ್ನೂ ತೆಗೆದುಹಾಕಿ ಗೊತ್ತಿಲ್ಲ. ಅಕ್ಕನ ಮಗಳು ವಿಕಾಳ ಮಾತನ್ನಂತೂ ತೆಗೆದುಹಾಕುವ ಹಾಗೆಯೇ ಇರಲಿಲ್ಲ. ನಮ್ಮ ಟೊಂಗಾ ದ್ವೀಪಗಳಲ್ಲಿ ಅಕ್ಕತಂಗಿಯರ ಮಕ್ಕಳು ಸೋದರಮಾವನಿಗಿಂತ ಮೇಲಿನವರು, ಅವನ ಮನೆಯಿಂದ ಬೇಕಾದ್ದನ್ನು ಕೇಳದೆಯೇ ಒಯ್ಯಬಹುದು. ವಿಕಾ ನಮ್ಮ ಹಂದಿಯನ್ನು ಹಿಡಿದುಕೊಂಡು ಹೋದಳು, ನನ್ನ ಮದುವೆಯ ಚಾಪೆಯನ್ನೂ ಹೊತ್ತೊಯ್ದಳು. ನಾನು ಗೊಣಗಿದರೆ ಇವರು, "ಅವಳದ್ದೇ ಅಲ್ವೇನೇ" ಎಂದು ನಗುತ್ತಿದ್ದರು. ದೋಣಿಯಿಂದ ಇಳಿದವರೇ ಒಳ್ಳೆಯ ಮೀನನ್ನು ಅವಳಿಗೆ ಮುಟ್ಟಿಸಿ, ಮಿಕ್ಕಿದ್ದನ್ನು ನನಗೆ ತರುವ ಮನುಷ್ಯ.

ಆ ವಿಕಾ ಮೂವತ್ತು ತುಂಬುವ ಮೊದಲೇ ಜ್ವರ ಬಂದು ಸತ್ತಳು.

ಸತ್ತವರು ಮೇಲಿನವರಾದರೆ ಕೆಳಗಿನವರು ಹೆಣದ ಹತ್ತಿರ ಸುಳಿಯಬಾರದು. ಹರಕು ಚಾಪೆಯನ್ನು ಎದೆಮಟ್ಟ ಸುತ್ತಿಕೊಂಡು, ಬಂದವರಿಗೆಲ್ಲ ಹಿತ್ತಲಲ್ಲಿ ಬೇಯಿಸಿ ಹಾಕಬೇಕು. ಅಳುವುದೂ ಅಲ್ಲೇ, ಆ ಹೊಗೆಯಲ್ಲೇ. ಇವರು ನಸುಕಿಗೇ ಎದ್ದು ಒಲೆಯ ಗುಂಡಿ ತೋಡಿ, ಕಲ್ಲು ಕಾಯಿಸಿ, ಗೆಡ್ಡೆ ಮತ್ತು ಹಂದಿಯನ್ನು ಅದರಲ್ಲಿ ಹೂತು ಬೇಯಿಸಲು ಸಿದ್ಧ ಮಾಡಿಕೊಂಡಿದ್ದರು.

ಆಗ ಬಂದ ನಮ್ಮ ಮಹಾನುಭಾವ. ಬ್ರಾಡಿ ಅಂತ ಅಮೆರಿಕದ ಮಿಷನರಿ ಹುಡುಗ. ಇನ್ನೂ ಮೀಸೆ ಮೂಡಿಲ್ಲ, ಆದರೂ ಅವರ ಚರ್ಚಿನ ಪದ್ಧತಿಯಂತೆ ನಾವೆಲ್ಲ ಅವನನ್ನು ಹಿರಿಯರೇ ಎಂದು ಕರೆಯಬೇಕು. ಆ ವಾರವೆಲ್ಲ ಅವನದು ಊರ ಸೇವೆ. ಒಬ್ಬರ ಬೇಲಿಗೆ ಬಣ್ಣ ಬಳಿದ, ಇನ್ನೊಬ್ಬರ ತೋಟ ಅಗೆದ. ಬಳಿಯಲಿ, ಅಗೆಯಲಿ, ಯಾರು ಬೇಡವೆಂದರು? ಅವತ್ತು ಹಿತ್ತಲಿಗೆ ನುಗ್ಗಿದವನಿಗೆ ಮಸಿ ಹಿಡಿದ ಮುದುಕನನ್ನು ಕಂಡು ಕರುಳು ಚುರ್ ಎಂದಿತಂತೆ. ಇವರ ಕೈಯಿಂದ ಬೆಂಕಿ ಕೆದಕುವ ಕೋಲು ಕಸಿದುಕೊಂಡ. ತೋಳು ಹಿಡಿದು ನಡೆಸಿಕೊಂಡು ಹೋಗಿ, ಚಪ್ಪರದಡಿ ವಿಕಾಳ ತಲೆಯ ಪಕ್ಕದಲ್ಲೇ, ಮೇಲಿನವರ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ.

ನಮ್ಮವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನೋಡಿದರು. ಅತಿಥಿಯ ಮನಸ್ಸು ನೋಯಬಾರದಲ್ಲ! ಹಾಗಾದರೆ ಇವರದೇನು ಕಲ್ಲೇ? ಇವರು ಹರಕು ಚಾಪೆಯಲ್ಲಿ ಮುದುಡಿಕೊಂಡು, ತಲೆ ಎತ್ತದೆ, ಸಿಕ್ಕಿಬಿದ್ದ ಕಳ್ಳನ ಹಾಗೆ ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನೇ ಹಿತ್ತಲಿಗೆ ಹೋಗಿ, ಕೋಲು ಕೊಡು ಎಂದೆ. ಹುಡುಗ ಬೆವರು ಒರೆಸಿಕೊಂಡು ನಕ್ಕ. ಅಜ್ಜ ದಣಿದಿದ್ದಾರೆ, ಸೇವೆ ಮಾಡುವುದೆಂದರೆ ತನಗೆ ಖುಷಿ ಎಂದ. ಅಷ್ಟರಲ್ಲಿ ಗುಂಡಿಯ ಮೇಲೆ ಮಣ್ಣು ಎಳೆದೂ ಆಗಿತ್ತು. ಎಲ್ಲಿಯವನೋ ಬೇಯಿಸಿದ್ದನ್ನು ಉಂಡು ಊರು ವಿಕಾಳನ್ನು ಕಳಿಸಿಕೊಟ್ಟಿತು.

ಸಮಾಧಿಯಿಂದ ಬಂದ ಮೇಲೆ ಹುಡುಗ ಇವರ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಆರಾಮಾಯ್ತಾ ಅಜ್ಜಾ?" ಎಂದು ಕೇಳಿದ.

"ಆಯ್ತಪ್ಪಾ," ಎಂದರು ಇವರು.

ನಾನು ಬಿಡಲಿಲ್ಲ. "ನಿಮ್ಮಮ್ಮ ಸತ್ತಾಗ ನಿನ್ನನ್ನ ಕುರ್ಚಿ ಮೇಲೆ ಕೂರ್ಸಿ, ನಿನ್ನ ಪಾಲಿನ ಅಳುನ ನಾನು ಅತ್ರೆ ನಿಂಗೆ ಆರಾಮಾಗುತ್ತೇನಪ್ಪಾ? ಆ ಮಗೂಗೆ ಇವ್ರು ಮಾಡೋಕೆ ಉಳಿದಿದ್ದೇ ಅದೊಂದು ಅಡುಗೆ. ಅದನ್ನೂ ಕಿತ್ಕೊಂಡ್ಯಲ್ಲ."

ಅವನು ತಟ್ಟನೆ ಎದ್ದು ನಿಂತ. ಈಗ ತಾನೇನು ಮಾಡಲಿ ಎಂದ. ಏನೂ ಮಾಡಬೇಡ ಎಂದೆ.

ಇವರು ಎದ್ದು ಹಿತ್ತಲಿಗೆ ಹೋದರು. ಖಾಲಿ ಗುಂಡಿಯ ಮುಂದೆ ಮಂಡಿಯೂರಿ, ಬೂದಿಯನ್ನು ಬೊಗಸೆಯಲ್ಲಿ ತುಂಬಿ ತುಂಬಿ ಎತ್ತಿಹಾಕತೊಡಗಿದರು. ಇಡೀ ದಿನ ತಡೆದಿದ್ದ ಅಳು ಇವರಿಗೆ ಬಂದದ್ದು ಆಗ. ಹುಡುಗ ಸಹಾಯಕ್ಕೆಂದು ಬಗ್ಗಿದವನು, ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.