ಲೆಕ್ಕ ಕೇಳದ ಸಂದರ್ಶನ

ಚಿತ್ತಾಪುರದ ನಮ್ಮ ಓಣಿಯಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದ ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದೆವು. ಮಕ್ಕಳು ಸರಿಯುತ್ತರ ಬರೆದರೂ ಬಿಡುತ್ತಿರಲಿಲ್ಲ. "ಇದು ಹೆಂಗ ಬಂತು, ಹೇಳು" ಎಂದು ನೆಲದ ಮೇಲೆ ಮಕ್ಕಳ ಪಕ್ಕ ಕುಳಿತುಬಿಡುತ್ತಿದ್ದರು. ಹುಟ್ಟೂರಿನ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರಿಗೆ ಟೀಚರ್ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದವು. ಹೊಸಬರೆದುರು ಮಾತಾಡುವಾಗ ಸೆರಗಿನ ತುದಿಯನ್ನು ಬಾಯಿಗೆ ಹಿಡಿಯುತ್ತಿದ್ದರು.

ಕಳೆದ ವರ್ಷ ಸೇಡಂನ ಒಂದು ಖಾಸಗಿ ಶಾಲೆಗೆ ನಾವಿಬ್ಬರೂ ಸಂದರ್ಶನಕ್ಕೆ ಹೋದೆವು. ಅವರು ಗಣಿತಕ್ಕೆ, ನಾನು ಕನ್ನಡಕ್ಕೆ. "ನಗುನಗುತ್ತ ಒಳಗ ಹೋಗ್ರಿ, ಮೊದಲ ನೋಟನೇ ಮುಖ್ಯ" ಎಂದು ಬಸ್ಸಿನಲ್ಲಿ ಹೇಳಿದ್ದೆ. ಅವರು ಸೆರಗು ಬಿಟ್ಟು, ನಗುತ್ತಲೇ ಒಳಗೆ ಹೋದರು.

ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನ ಮೇಲೆ ಕುಳಿತ ನಮಗೆ ಎಲ್ಲ ಕೇಳಿಸುತ್ತಿತ್ತು. ಶಾಲೆಯ ಅಧ್ಯಕ್ಷರು ಅವರ ಪ್ರಮಾಣಪತ್ರಗಳನ್ನು ಮುಟ್ಟಲೂ ಇಲ್ಲ. "ಹಲ್ಲು ಹಿಂಗ್ಯಾಕ ಆಗ್ಯಾವ್ರಿ? ಪಾಲಕರು ನೋಡಿದ್ರ ಏನಂತಾರ? ಕ್ಲೀನ್ ಮಾಡಿಸ್ಕೊಂಡು ಬರ್ರಿ, ಆಮ್ಯಾಲ ನೋಡೋಣ" ಎಂದರು.

"ಒಂದು ಲೆಕ್ಕಾನರ ಕೇಳ್ರಿ ಸರ."

"ಅದೆಲ್ಲ ಬ್ಯಾಡ ಬಿಡ್ರಿ."

"ಲೆಕ್ಕ ಕೇಳದೇನೇ ನಾ ಬ್ಯಾಡ ಅನ್ನೋದು ಹೆಂಗ ಬಂತು, ಹೇಳ್ರಿ." ಟೀಚರ್ ಧ್ವನಿ ಏರಿತ್ತು. ಅಧ್ಯಕ್ಷರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮುಂದಿನವಳು ನಾನೇ. ಹೊರಗೆ ಬಂದ ಟೀಚರ್ ಬೆಂಚಿನ ಮೇಲಿದ್ದ ನಮಗೂ ಒಳಗಿದ್ದವರಿಗೂ ಕೇಳಿಸುವಂತೆ ಹೇಳಿದರು: "ಇವರಿಗೆ ಟೀಚರ್ ಬೇಕಾಗಿಲ್ರೀ. ಸಂತ್ಯಾಗ ಎತ್ತು ತಗೊಳ್ಳೋರಂಗ ಹಲ್ಲು ನೋಡಾಕತ್ತಾರ."

ಬೆಂಚಿನಲ್ಲಿ ಯಾರೂ ನಗಲಿಲ್ಲ. ಒಳಗಿನಿಂದ ನನ್ನ ಹೆಸರು ಮತ್ತೊಮ್ಮೆ ಕೂಗಿದರು. ನಾನು ಫೈಲು ಎತ್ತಿಕೊಂಡು ಟೀಚರ್ ಹಿಂದೆ ಬಸ್ ಸ್ಟ್ಯಾಂಡಿಗೆ ನಡೆದೆ.