ಹಟ್ಟಿಯಾಚೆಯ ಕ್ರಿಸ್‌ಮಸ್

ನಮ್ಮದು ಬರಗೂರಿನ ಕಡೆಯ ಕುರಿ ಸಾಕುವವರ ಹಟ್ಟಿ. ಹೆತ್ತವಳು ಮೈಲಿಗೆ ಕಳೆಯುವ ತನಕ ಕೂಸಿನ ಸಮೇತ ಹಟ್ಟಿಯಾಚೆಯ ಗುಡಿಸಲಲ್ಲಿ ಇರಬೇಕೆಂಬುದು ನಮ್ಮವರ ಕಟ್ಟಳೆ. ಅವಳನ್ನು ಮುಟ್ಟಿದವರೂ ಹಟ್ಟಿಯೊಳಗೆ ಬರುವಂತಿಲ್ಲ. ನಾನು ಬಿ.ಎಡ್. ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರು. ಆದರೂ ಚೊಚ್ಚಲ ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ದಿನ ತುಟಿ ಪಿಟಕ್ಕೆನ್ನದೆ ಆ ಗುಡಿಸಲು ಹೊಕ್ಕೆ. ಇಂದಿಗೂ ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಡಿಸೆಂಬರ್ ಚಳಿ. ಐದನೇ ದಿನ ಬೆಳಿಗ್ಗೆ ನನಗೆ ಜ್ವರ ಏರಿ ಮೈ ಗಡಗಡ ನಡುಗುತ್ತಿತ್ತು. ಮಗಳು ಹಾಲು ಕುಡಿಯುವುದನ್ನೇ ಬಿಟ್ಟಿದ್ದಳು, ಪಾದ ತಣ್ಣಗಿತ್ತು. ಅತ್ತೆ ದೂರದಲ್ಲಿ ಗಂಜಿ ಇಟ್ಟು ನಿಂತಲ್ಲೇ ಅಳುತ್ತಿದ್ದರು. ನಮ್ಮ ಯಜಮಾನರು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಫೋನ್ ಮಾಡಿದರು.

ಅಂದು ಕ್ರಿಸ್‌ಮಸ್. ನರ್ಸಮ್ಮ ಚರ್ಚಿಗೆಂದು ಉಟ್ಟಿದ್ದ ಹೊಸ ಸೀರೆಯಲ್ಲೇ ಆಟೋ ಹತ್ತಿ ಬಂದರು. ಬಗ್ಗಿ ಗುಡಿಸಲೊಳಗೆ ನುಗ್ಗಿ, ಮಣ್ಣಿನಲ್ಲೇ ಕೂತು, ನನ್ನ ಹಣೆ ಮುಟ್ಟಿದರು. ಐದು ದಿನದಿಂದ ಮಗುವಿನ ಬೆರಳು ಬಿಟ್ಟರೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ನಾನು ಗೊಳೋ ಎಂದು ಅತ್ತುಬಿಟ್ಟೆ.

"ಇಬ್ಬರನ್ನೂ ಈಗಲೇ ಶಿರಾ ಆಸ್ಪತ್ರೆಗೆ ಕರ್ಕಂಡು ಹೋಗ್ಬೇಕು," ಎಂದು ಅವರು ಕೂಗಿ ಹೇಳಿದರು. "ಇವಳನ್ನ ನಾನು ಹಿಡ್ಕತೀನಿ. ಮಗೂನ ಯಾರಾದ್ರೂ ಎದೆಗವಚಿ ಇಟ್ಕಳಿ. ದಾರೀಲಿ ಇನ್ನೂ ತಣ್ಣಗಾದ್ರೆ ಉಳಿಯಲ್ಲ."

ಯಾರೂ ಅಲುಗಾಡಲಿಲ್ಲ. ಯಜಮಾನರಂತೂ ತಾಯಿಯ ಮುಖ ನೋಡುತ್ತಾ ಕಂಬವಾಗಿದ್ದರು.

ನರ್ಸಮ್ಮ ಅತ್ತೆಯತ್ತ ತಿರುಗಿದರು. "ನಮ್ಮ ಯೇಸಪ್ಪನೂ ಆಚೇನೇ ಹುಟ್ಟಿದ್ದು ಕಣವ್ವ. ದನ ಮೇವು ತಿನ್ನೋ ಗೋದಲೀಲಿ ಮಲಗಿಸಿದ್ರು."

ಅತ್ತೆ ಕಣ್ಣರಳಿಸಿದರು. "ಅವ್ರ ತಾಯಿಗೂ ಮೈಲಿಗೆ ಅಂತ ಆಚೆ ಹಾಕಿದ್ರಾ?"

"ಛತ್ರದೋರು ಒಳಗೆ ಜಾಗ ಇಲ್ಲ ಅಂದ್ರು. ಮೊದಲು ನೋಡಾಕೆ ಬಂದೋರು ನಿಮ್ಮಂಗೇ ಕುರಿ ಕಾಯೋರು."

"ಆ ಕುರಿಯೋರು ಆಮೇಲೆ ಆಚೇನೇ ಉಳಿದ್ರಾ?"

"ಯಾಕುಳೀತಾರೆ? ಖುಷಿಯಾಗಿ ಹೋಗಿ ಎಲ್ಲರಿಗೂ ಹೇಳ್ಕಂಡು ಬಂದ್ರು."

ಅತ್ತೆ ಕಣ್ಣೊರೆಸಿಕೊಂಡರು. "ಸರಿ ಬುಡಮ್ಮ, ನಮ್ಮೋರೇ ಅಂಗೆ ಮಾಡಿದ್ಮೇಲೆ ನಂದೇನು," ಎಂದು ಗೊಣಗುತ್ತಾ ಒಳಗೆ ಬಂದು, ಮಗುವನ್ನು ಸೆರಗಿನೊಳಗೆ ಎದೆಗವಚಿಕೊಂಡರು. ಶಿರಾ ತಲುಪುವವರೆಗೂ ಕೈ ಸಡಿಲಿಸಲಿಲ್ಲ.

ಮಗಳಿಗೀಗ ಮೂರನೇ ಕ್ಲಾಸು, ಬಾಯಿ ಮಾತ್ರ ಅಜ್ಜಿಯದೇ. ನಾವು ಮತ ಬದಲಿಸಿಲ್ಲ, ನರ್ಸಮ್ಮ ಕೇಳಿಯೂ ಇಲ್ಲ. ಮನುಷ್ಯರು ಮಡಿಯಾಗಿ ತನ್ನ ಬಳಿ ಬರಲಿ ಎಂದು ದೇವರು ಕಾಯಲಿಲ್ಲ, ತಾನೇ ನಮ್ಮ ರಕ್ತಮಾಂಸದಲ್ಲಿ ಹುಟ್ಟಿ ಬಂದ ಎಂಬುದು ಅವರ ನಂಬಿಕೆ. ಹೊಸ ಸೀರೆಯಲ್ಲಿ ಅವರು ನನ್ನ ಪಕ್ಕ ಮಣ್ಣಿನಲ್ಲಿ ಕೂತಾಗಲೇ ನನಗದು ಅರ್ಥವಾಗಿತ್ತು. ಅವರಿಗೆ ನಾನು ಎಂದೆಂದಿಗೂ ಋಣಿ.

ರಿಟೈರಾಗಿ ಮಧುಗಿರಿಯಲ್ಲಿರುವ ನರ್ಸಮ್ಮ ಕಳೆದ ಕ್ರಿಸ್‌ಮಸ್ಸಿಗೆ ನಮ್ಮನ್ನು ಚರ್ಚಿಗೆ ಕರೆದಿದ್ದರು. ಅಲ್ಲಿ ಮಾಡಿಟ್ಟಿದ್ದ ಗೋದಲಿಯ ಮುಂದೆ ನಿಂತ ಅತ್ತೆಗೆ ಸಿಟ್ಟು ಬಂತು. "ಈ ಚಳೀಲಿ ಕೂಸನ್ನ ಬರಿಮೈಲಿ ಮಲಗಿಸವ್ರಲ್ಲ, ಬುದ್ಧಿ ಬ್ಯಾಡ್ವಾ ಇವ್ರಿಗೆ?" ಹೆಗಲ ಮೇಲಿನ ಕಂಬಳಿ ತೆಗೆದವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. "ನಾನ್ ಮುಟ್ಬೌದಾ?"

"ಮುಟ್ಟಿಸ್ಕಳಾಕೇ ಬಂದಿರೋದು ಕಣವ್ವ," ಎಂದರು ನರ್ಸಮ್ಮ.

ಅತ್ತೆ ಬಗ್ಗಿ ಆ ಮಣ್ಣಿನ ಕೂಸಿಗೆ ಕಂಬಳಿ ಹೊದಿಸಿದರು. ಆಮೇಲೆ ಕಂಬಳಿಯೊಳಗೆ ಕೈ ತೂರಿಸಿ, ಪಾದ ತಣ್ಣಗಿದೆಯೇ ಎಂದು ಮುಟ್ಟಿ ನೋಡಿದರು.